ಮೂವತ್ತೇಳನೆಯ ಚುಕ್ಕಿ

ಮಾರ್ಚ್ 3, ಸೋಮವಾರ

ತೊಂಬತ್ತಕ್ಕೆ ತೊಂಬತ್ತು.

ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಯೋಜನೆಯ ಮುಖ್ಯಸ್ಥೆ ತಮ್ಮ ಬೀರುವಿನಿಂದ ಲಕೋಟೆ ತೆಗೆದು, ಅರಗಿನ ಮುದ್ರೆ ಒಡೆದು, ನನ್ನ ಪಟ್ಟಿಯನ್ನು ಒಂದೊಂದಾಗಿ ಓದಿದರು. ಎದುರಿನ ಗೋಡೆಯ ಮೇಲೆ ಜರಡಿಯ ಪ್ರೋಗ್ರಾಂ ಹುಡುಕಿದ ಪಟ್ಟಿ ಇತ್ತು. ಅವರು ಓದಿದ ಹಾಗೆ ಅವನು ಗುರುತು ಹಾಕುತ್ತ ಹೋದ. ಅರವತ್ತು ದಾಟಿದ ಮೇಲೆ ಕೋಣೆಯಲ್ಲಿ ಯಾರೂ ಕೆಮ್ಮಲಿಲ್ಲ. ತೊಂಬತ್ತನೆಯದಕ್ಕೆ ಗುರುತು ಬಿದ್ದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಈ ಪುಸ್ತಕದಲ್ಲಿ ಎಲ್ಲವನ್ನೂ, ಏನೂ ಗೊತ್ತಿಲ್ಲದವರಿಗೆ ಹೇಳುವಂತೆ ಬರೆಯಬೇಕೆಂದು ಗೊತ್ತುಮಾಡಿಕೊಂಡಿದ್ದೇನೆ. ಮುಂದೆ ಇದನ್ನು ಓದುವವಳು ನಾನೇ. ಆಗ ನನಗೆ ಏನೇನು ಗೊತ್ತಿರುತ್ತದೋ ಈಗ ಹೇಳಲಾಗದು.

ಹಾಗಾಗಿ: ನಮ್ಮ ಗಾಮಾ ಕಿರಣ ದೂರದರ್ಶಕ ಇನ್ನು ಏಳು ವಾರಕ್ಕೆ ಮೇಲಕ್ಕೆ ಹೋಗುತ್ತದೆ. ಅದು ಚಿತ್ರ ತೆಗೆಯುವುದಿಲ್ಲ. ಒಂದೊಂದೇ ಕಣ ಬಂದು ಬಡಿದದ್ದನ್ನು, ಯಾವ ದಿಕ್ಕಿನಿಂದ, ಎಷ್ಟು ಬಿರುಸಾಗಿ ಎಂದು ಬರೆದು ಕೆಳಕ್ಕೆ ಕಳಿಸುತ್ತದೆ, ಅಷ್ಟೆ. ಆ ಕೋಟ್ಯಂತರ ಸಾಲುಗಳನ್ನು ಸೋಸಿ, ಇಲ್ಲೊಂದು ಚುಕ್ಕಿ ಇದೆ, ಅಲ್ಲೊಂದಿದೆ ಎಂದು ಹೇಳುವ ಪ್ರೋಗ್ರಾಂ ಬರೆದವನು ಜರಡಿ. ಸೋಸುವವನಾದ್ದರಿಂದ ಆ ಹೆಸರು. ನನ್ನ ಕೆಲಸ ಅದನ್ನು ಪರೀಕ್ಷಿಸುವುದು. ಕಂಪ್ಯೂಟರಿನೊಳಗೆ ಒಂದು ಸುಳ್ಳು ಆಕಾಶ ಮಾಡಿ, ನನಗೊಬ್ಬಳಿಗೇ ಗೊತ್ತಿರುವ ಕಡೆಗಳಲ್ಲಿ ಚುಕ್ಕಿಗಳನ್ನು ಬಚ್ಚಿಟ್ಟು, ಹುಡುಕಿ ಎಂದು ಕೊಡುತ್ತೇನೆ. ಅದಕ್ಕೇ ಇಲ್ಲಿ ನನ್ನನ್ನು ದೇವರು ಅನ್ನುತ್ತಾರೆ.

"ದೇವ್ರೇ, ಈಗಲಾದ್ರೂ ಸ್ವಲ್ಪ ನಗಿ" ಎಂದ ಜರಡಿ. "ನಿಮ್ಮ ಸೃಷ್ಟಿಲಿ ಒಂದನ್ನೂ ಬಿಡದ ಹಾಗೆ ಹಿಡಿದುಬಿಟ್ಟೆ."

ನಕ್ಕೆ.

ನಾನು ಬಚ್ಚಿಟ್ಟದ್ದು ಎಂಬತ್ತೊಂಬತ್ತು.

ಮಾರ್ಚ್ 4, ಮಂಗಳವಾರ

ನೆನಪಿದ್ದಷ್ಟನ್ನು ಕ್ರಮವಾಗಿ ಬರೆಯುತ್ತೇನೆ.

ಪಟ್ಟಿಯನ್ನು ಲಕೋಟೆಯಲ್ಲಿಟ್ಟು ಮುದ್ರೆ ಹಾಕಿದ್ದು ನವೆಂಬರ್ 19ರಂದು. ಅದರಲ್ಲಿ ತೊಂಬತ್ತು ಇದ್ದವು. ಆಕಾಶವನ್ನು ತಯಾರಿಸಿದ್ದು 21ರ ಸಂಜೆ. ಗುಂಡಿ ಒತ್ತುವ ಮೊದಲು ಒಂದು ಯೋಚನೆ ಬಂತು: ಇದ್ದದ್ದನ್ನು ಹುಡುಕುತ್ತಾರೋ ಎಂದಷ್ಟೇ ನೋಡುತ್ತಿದ್ದೇವೆ, ಇಲ್ಲದ್ದನ್ನು ಇಲ್ಲ ಅನ್ನುತ್ತಾರೋ ಎಂದು ನೋಡುವುದು ಬೇಡವೇ? ಮೂವತ್ತೇಳನೆಯದನ್ನು ತೆಗೆದುಹಾಕಿದೆ. ಲಕೋಟೆಯನ್ನು ಮತ್ತೆ ಒಡೆಸಿ, ಮೂರು ಜನರ ಸಹಿ ಹಾಕಿಸುವುದು ತಲೆನೋವು. ಫಲಿತಾಂಶದ ದಿನ ಬಾಯಲ್ಲಿ ಹೇಳಿದರಾಯಿತು ಎಂದುಕೊಂಡೆ. ಎಲ್ಲಿಯೂ ಬರೆದಿಡಲಿಲ್ಲ.

ಆ ಸಂಜೆ ಕಣ್ಣಿಗೆ ಕಟ್ಟಿದಂತಿದೆ. ಎಡಗಾಲಿನ ಚಪ್ಪಲಿಯ ಪಟ್ಟಿ ಕಿತ್ತಿತ್ತು, ಪಿನ್ನು ಹಾಕಿಕೊಂಡಿದ್ದೆ. ಇವರು, ನನ್ನ ಗಂಡ, ಲಿಫ್ಟ್ ಮೆಕ್ಯಾನಿಕ್; ನಮ್ಮ ಕಟ್ಟಡದ ಲಿಫ್ಟ್ ನೋಡಲು ಬಂದವರು ಕೆಳಗೆ ನನಗಾಗಿ ಕಾಯುತ್ತಿದ್ದರು. ಕಿಟಕಿಯಿಂದ ಇವರ ಟೂಲ್ ಚೀಲ ಕಾಣುತ್ತಿತ್ತು. ತೆಗೆದೆ, ಗುಂಡಿ ಒತ್ತಿದೆ, ಇಳಿದು ಹೋದೆ.

ಇಲ್ಲದ ಚುಕ್ಕಿ ಅವನಿಗೆ ಹೇಗೆ ಸಿಕ್ಕಿತು?

ಇಲ್ಲವೆ, ನಾನು ಅದನ್ನು ತೆಗೆಯಲೇ ಇಲ್ಲ.

ಅಮ್ಮನಿಗೆ ಮರೆವು ಶುರುವಾದದ್ದು ಐವತ್ತೊಂದನೆಯ ವಯಸ್ಸಿನಲ್ಲಿ. ನನಗೀಗ ಐವತ್ತು. ಅಮ್ಮ ಪಕ್ಕದ ಮನೆಯವರ ಕೊಡೆಯನ್ನು ಹಿಂದಿರುಗಿಸಿ ಬಂದದ್ದನ್ನು ಎಷ್ಟು ವಿವರವಾಗಿ ಹೇಳಿದ್ದಳು! ಕಂದು ಬಣ್ಣದ ಮರದ ಹಿಡಿ, ಬಾಗಿಲು ತೆಗೆದ ಆಕೆಯ ಕೈಯಲ್ಲಿ ಹಿಟ್ಟು ಮೆತ್ತಿತ್ತು, "ಏನವಸರ ಇತ್ತು" ಅಂದರಂತೆ. ಕೊಡೆ ನಮ್ಮ ಮನೆಯ ಬಾಗಿಲ ಹಿಂದೆಯೇ ತೂಗುತ್ತಿತ್ತು. ಅವತ್ತೇ ನನಗೆ ತಿಳಿದದ್ದು: ವಿವರ ಸಾಕ್ಷಿಯಲ್ಲ.

ಮಾರ್ಚ್ 6, ಗುರುವಾರ

ಕ್ಯಾಂಟೀನಿನಲ್ಲಿ ಜರಡಿಯನ್ನು ಹಿಡಿದೆ. ಮಾತು ಎಲ್ಲಿಂದಲೋ ಶುರುಮಾಡಿ ಅಲ್ಲಿಗೆ ತಂದೆ.

"ಆ ಮೂವತ್ತೇಳು ಹೇಗಿತ್ತಪ್ಪ? ಸುಲಭವಾಗಿ ಸಿಕ್ತಾ?"

"ಯಾವುದು, ಆಕಾಶಗಂಗೆ ಅಂಚಲ್ಲಿರೋದಾ? ಸ್ವಲ್ಪ ಸಣ್ಣದು. ಆದ್ರೆ ಗಟ್ಟಿ. ಸಂಶಯಾನೇ ಇಲ್ಲ."

"ಸಂಶಯಾನೇ ಇಲ್ವಾ?"

"ಮೇಡಂ, ಇಡೋವರೆಗೆ ನೀವು ದೇವರು. ಕೊಟ್ಟ ಮೇಲೆ ಭಕ್ತರನ್ನ ನಂಬಬೇಕು." ಕಾಫಿಯ ಲೋಟ ಊದಿದ. "ಎಂಟು ವರ್ಷ ಆಯ್ತು ಈ ಪ್ರೋಗ್ರಾಂ ಕಟ್ಟೋಕೆ ಹಿಡಿದು. ಮೊನ್ನೆ ನೀವೆಲ್ಲ ಚಪ್ಪಾಳೆ ತಟ್ಟಿದಾಗ ಮನೆಗೆ ಹೋಗಿ ಅತ್ತುಬಿಟ್ಟೆ, ಯಾರಿಗೂ ಹೇಳಬೇಡಿ."

ಮುಂದಕ್ಕೆ ಕೇಳಲಾಗಲಿಲ್ಲ. ನನ್ನ ಲೋಟ ಎತ್ತಿಕೊಂಡೆ. ಎರಡೂ ಕೈಯಲ್ಲಿ ಹಿಡಿದು ಕುಡಿದೆ.

ಮಾರ್ಚ್ 7, ಶುಕ್ರವಾರ

ತಿಂಡಿಯ ಹೊತ್ತಿಗೆ ಇವರನ್ನು ಕೇಳಿದೆ.

"ನವೆಂಬರ್ ಇಪ್ಪತ್ತೊಂದು ನೀವು ನಮ್ಮ ಆಫೀಸಿಗೆ ಬಂದಿದ್ರಲ್ಲ, ಲಿಫ್ಟ್ ನೋಡೋಕೆ? ಕೆಳಗೆ ಕಾಯ್ತಾ ಇದ್ರಿ."

"ಇಪ್ಪತ್ತೊಂದಾ?" ಇವರಿಗೆ ತಾರೀಕು ನೆನಪಿರುವುದಿಲ್ಲ, ಆದರೆ ರಿಜಿಸ್ಟರ್ ಇರುತ್ತದೆ. ಯಾವ ಕಟ್ಟಡ, ಯಾವ ಲಿಫ್ಟ್, ಯಾವ ಹಗ್ಗಕ್ಕೆ ಎಣ್ಣೆ, ಎಲ್ಲ ಅದರಲ್ಲಿ. ಎದ್ದು ಹೋಗಿ ತಂದರು. ನೆಕ್ಕಿದ ಬೆರಳಿನಿಂದ ಪುಟ ತಿರುವಿದರು. "ನಿಮ್ಮದು ಹದಿನಾಲ್ಕಕ್ಕೆ ಆಗಿದೆ. ಇಪ್ಪತ್ತೊಂದಕ್ಕೆ ನಾನು ಆಸ್ಪತ್ರೆ ಲಿಫ್ಟಲ್ಲಿದ್ದೆ ಕಣೇ, ಸಂಜೆ ಏಳರವರೆಗೆ. ಯಾಕೆ?"

"ಏನಿಲ್ಲ."

"ನೀವು ಆಕಾಶಕ್ಕೇ ಕಳಿಸೋರು, ನಾವು ಹತ್ತನೇ ಮಹಡಿಯವರೆಗೆ ಮಾತ್ರ. ಆದ್ರೂ ಬರೆದಿಟ್ಕೋತೀವಿ ನೋಡು."

ತಮಾಷೆಗೆ ಅಂದದ್ದು. ಹಲ್ಲುಜ್ಜಿಕೊಂಡಿದ್ದೇನೋ ಇಲ್ಲವೋ ತಿಳಿಯದೆ ಮತ್ತೊಮ್ಮೆ ಉಜ್ಜಿಕೊಂಡೆ.

ಟೂಲ್ ಚೀಲ ಕಿಟಕಿಯಿಂದ ಕಂಡಿತ್ತು. ಈಗಲೂ ಕಾಣುತ್ತಿದೆ.

ಮಾರ್ಚ್ 10, ಸೋಮವಾರ

ಹತ್ತು ಗಂಟೆಗೆ ಪರಿಶೀಲನಾ ಸಮಿತಿಯ ಸಭೆ. ಒಳಗೆ ಹೋಗುವ ಮೊದಲು ಹೆಂಗಸರ ಟಾಯ್ಲೆಟ್ಟಿನಲ್ಲಿ ಕೂತು ಈ ಪುಸ್ತಕವನ್ನು ಒಮ್ಮೆ ಓದಿಕೊಂಡೆ. ಒಳ್ಳೆಯ ಅಭ್ಯಾಸ, ದಿನಾಂಕಗಳು ನಾಲಿಗೆಯ ತುದಿಯಲ್ಲಿರುತ್ತವೆ.

ಮುಖ್ಯಸ್ಥೆ ನಮ್ಮ ಫಲಿತಾಂಶ ಹೇಳಿದಾಗ ಸಮಿತಿಯ ಹಿರಿಯರೊಬ್ಬರು, "ಇಷ್ಟು ಚೆನ್ನಾಗಿ ಬಂದ್ರೆ ನನಗೆ ಭಯ ಆಗುತ್ತೆ" ಎಂದು ನಕ್ಕರು. ಎಲ್ಲರೂ ನಕ್ಕರು. ಆಗ ಹೇಳಬಹುದಿತ್ತು. ನಾನೂ ಅವರ ಜೊತೆ ನಕ್ಕೆ.

ಹೇಳದೆ ಇದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಲಕೋಟೆಯಲ್ಲಿ ಮೂವತ್ತೇಳು ಇದೆ, ಪ್ರೋಗ್ರಾಂಗೆ ಮೂವತ್ತೇಳು ಸಿಕ್ಕಿದೆ. ಎರಡೂ ಹೊಂದಿದ ಮೇಲೆ ಆಕಾಶವನ್ನು ಯಾರು ಕೇಳುತ್ತಾರೆ?

ಕೇಳುವ ದಾರಿ ಒಂದಿದೆ. ನಾನು ಮಾಡಿದ ಪ್ರತಿ ಸುಳ್ಳು ಕಣದ ಬೆನ್ನ ಮೇಲೂ ಅದು ಯಾವ ಚುಕ್ಕಿಯ ಮಗು ಎಂಬ ಸಂಖ್ಯೆ ಇರುತ್ತದೆ. ಜರಡಿಗೆ ಕೊಡುವ ಮೊದಲು ಆ ಸಂಖ್ಯೆಗಳನ್ನು ಅಳಿಸಿ ಕೊಡುತ್ತೇನೆ. ಅಳಿಸದ ಮೂಲಪ್ರತಿ ಒಂದು ಡಿಸ್ಕಿನಲ್ಲಿ, ನನ್ನ ಮೇಜಿನ ಕೆಳಗಿನ ಡ್ರಾಯರಿನಲ್ಲಿದೆ. ಬೀಗದ ಕೈ ನನ್ನ ಹತ್ತಿರವೇ. ಮೂವತ್ತೇಳರ ಮಕ್ಕಳು ಎಷ್ಟು ಎಂದು ಕೇಳಲು ಒಂದು ಸಾಲು ಟೈಪ್ ಮಾಡಿದರೆ ಸಾಕು. ಸೊನ್ನೆ ಬಂದರೆ ನನ್ನ ತಲೆ ನೆಟ್ಟಗಿದೆ, ಪ್ರೋಗ್ರಾಂ ಸುಳ್ಳು ಹೇಳುತ್ತಿದೆ. ಬೇರೆ ಏನೇ ಬಂದರೂ ಪ್ರೋಗ್ರಾಂ ನೆಟ್ಟಗಿದೆ.

ಸಭೆಯ ಕೊನೆಗೆ ಇನ್ನೊಂದು ತೀರ್ಮಾನವಾಯಿತು. ಉಡಾವಣೆಯ ತಾಲೀಮಿಗೆ ಡಿಸ್ಕುಗಳೆಲ್ಲ ಬೇಕು. ಹಳೆಯದನ್ನೆಲ್ಲ 21ರ ಶುಕ್ರವಾರ ಅಳಿಸುತ್ತಾರೆ.

ಮಾರ್ಚ್ 12, ಬುಧವಾರ

ಅಕ್ಕನಿಗೆ ಫೋನ್ ಮಾಡಿದೆ. ಅವಳು ನರ್ಸ್, ಯಾವುದನ್ನೂ ಮೆದುವಾಗಿ ಹೇಳಿ ಗೊತ್ತಿಲ್ಲ.

"ಅಮ್ಮನಿಗೆ ಮೊದಮೊದಲು ಏನಾಗ್ತಿತ್ತು, ನೆನಪಿದೆಯಾ?"

"ಮತ್ತೆ ಶುರು ಮಾಡಿದ್ಯಾ! ಭಾನುವಾರ ಮುಕ್ಕಾಲು ಗಂಟೆ ಇದನ್ನೇ ಕೇಳಿದ್ಯಲ್ಲೇ. ನನ್ನ ಅನ್ನ ಸೀದುಹೋಯ್ತು."

"ಭಾನುವಾರ ನಾನು ಫೋನ್ ಮಾಡಿಲ್ಲ."

ಆ ಕಡೆ ಅವಳು ಕುರ್ಚಿ ಎಳೆದು ಕೂತ ಸದ್ದು ಬಂತು. ಆಮೇಲೆ, "ಸರಿ ಬಿಡು, ನಾನೇ ಯಾರ ಜೊತೆನೋ ಮಾತಾಡಿರ್ತೀನಿ" ಎಂದಳು. ಅವಳು ಯಾವತ್ತೂ ಅಷ್ಟು ಬೇಗ ಸೋಲುವವಳಲ್ಲ.

ಪುಸ್ತಕ ತೆಗೆದು ನೋಡಿದೆ. ಭಾನುವಾರದ ಪುಟ ಇಲ್ಲ. ಅಕ್ಕನಿಗೂ ವಯಸ್ಸಾಯಿತು.

ಮಾರ್ಚ್ 13, ಗುರುವಾರ

ಡ್ರಾಯರ್ ತೆಗೆಯಲಿಲ್ಲ.

ಮಾರ್ಚ್ 14, ಶುಕ್ರವಾರ

ಬೇರೆಯವರ ಮುಂದೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ನಿನ್ನೆಯಿಂದ ನನ್ನೊಳಗೆ ಒಂದು ಆಸೆ ಹುಟ್ಟಿದೆ: ಪ್ರೋಗ್ರಾಂ ಕೆಟ್ಟಿರಲಿ. ಎಂಟು ವರ್ಷ ಆ ಮನುಷ್ಯ ಕೂತು ಕಟ್ಟಿದ್ದು ಪೂರ್ತಿ ಹಾಳಾಗಿರಲಿ, ದೂರದರ್ಶಕ ಮೇಲೆ ಹೋಗಿ ಇಲ್ಲದ್ದನ್ನು ಇದೆ ಅನ್ನಲಿ, ನನ್ನ ತಲೆ ಮಾತ್ರ ನೆಟ್ಟಗಿರಲಿ.

ನನ್ನ ಬಗ್ಗೆ ನನಗೇ ಹೆದರಿಕೆಯಾಗಿ ಮೇಜು ಬಿಟ್ಟೆದ್ದು ಜೋಡಣೆಯ ಕೋಣೆಗೆ ಹೋದೆ. ಅಲ್ಲಿ ಗಾಜಿನಾಚೆ ದೂರದರ್ಶಕ ನಿಂತಿದೆ. ನೋಡಿದರೆ ದೂರದರ್ಶಕ ಅನ್ನಿಸುವುದಿಲ್ಲ, ಬೆಳ್ಳಿ ಹಾಳೆ ಸುತ್ತಿದ ದೊಡ್ಡ ಪೆಟ್ಟಿಗೆ. ಬಿಳಿ ಮುಸುಕಿನ ಇಬ್ಬರು ಒಂದೇ ಸ್ಕ್ರೂವಿನ ಮುಂದೆ ಬಾಗಿದ್ದರು. ಒಬ್ಬ ತಿರುಗಿಸುತ್ತಿದ್ದ, ಇನ್ನೊಬ್ಬ ಸುಮ್ಮನೆ ನೋಡುತ್ತಿದ್ದ. ಆಮೇಲೆ ಇಬ್ಬರೂ ಹಾಳೆಯ ಮೇಲೆ ಸಹಿ ಹಾಕಿದರು.

ಹೊರಗೆ ಬಂದ ಹಿರಿಯ ಮೆಕ್ಯಾನಿಕ್ ಮುಸುಕು ತೆಗೆದು ಬೆವರು ಒರೆಸಿಕೊಂಡರು. "ನೋಡೋಕೆ ಅಂತಾನೇ ಒಬ್ಬರಾ?" ಎಂದು ಕೇಳಿದೆ.

"ಹೂಂ ಮತ್ತೆ. ಒಬ್ಬ ತಿರುಗಿಸಬೇಕು, ಒಬ್ಬ ನೋಡಬೇಕು. ಒಬ್ಬನೇ ತಿರುಗಿಸಿದ ಸ್ಕ್ರೂನ ಮತ್ತೆ ಬಿಚ್ಚಿಸ್ತೀವಿ, ಎಷ್ಟೇ ಗಟ್ಟಿಯಾಗಿರಲಿ."

"ನಂಬಿಕೆ ಇಲ್ವಾ?"

"ಮೂವತ್ತು ವರ್ಷದಿಂದ ತಿರುಗಿಸ್ತಿದೀನಮ್ಮ. ನನ್ನ ಕೈ ಮೇಲೆ ನನಗೇ ಇಲ್ಲ" ಎಂದು ಗಟ್ಟಿಯಾಗಿ ನಕ್ಕರು.

ಮಾರ್ಚ್ 16, ಭಾನುವಾರ

ಅಮ್ಮನ ಕೊಡೆಯ ವಿಷಯವನ್ನು ಇಲ್ಲಿ ಬರೆದಿಲ್ಲವೆಂದು ಕಾಣುತ್ತದೆ. ಬರೆದಿಡಬೇಕು. ಪಕ್ಕದ ಮನೆಯ ಕೊಡೆಯನ್ನು ಹಿಂದಿರುಗಿಸಿ ಬಂದೆ ಎಂದು ವಿವರವಾಗಿ ಹೇಳಿದ್ದಳು: ಕೆಂಪು ಹಿಡಿ, ಬಾಗಿಲು ತೆಗೆದ ಆಕೆ ಮಗುವನ್ನು ಎತ್ತಿಕೊಂಡಿದ್ದಳಂತೆ. ಕೊಡೆ ನಮ್ಮ ಮನೆಯಲ್ಲೇ ಇತ್ತು.

ಇವರು ದಿನವಿಡೀ ಮನೆಯಲ್ಲಿದ್ದರು. ಎರಡು ಸಲ ನನ್ನ ಮುಖ ನೋಡಿ ಏನೋ ಹೇಳಲು ಬಂದು, ರೇಡಿಯೊ ಬಿಚ್ಚಿ ಕೂತರು. ಕೆಡದ ರೇಡಿಯೊ.

ಮಾರ್ಚ್ 18, ಮಂಗಳವಾರ

ಬೆಳಿಗ್ಗೆ ಪುಸ್ತಕ ಓದಿಕೊಂಡು ಕೆಲಸಕ್ಕೆ ಹೋದೆ. ಡಿಸ್ಕ್ ತೆಗೆದು ಸಿಕ್ಕಿಸಿದೆ. ಸಾಲನ್ನೂ ಟೈಪ್ ಮಾಡಿದೆ. ಎಂಟರ್ ಒತ್ತುವುದೊಂದೇ ಬಾಕಿ.

ಬೆರಳು ಆ ಗುಂಡಿಯ ಮೇಲೆಯೇ ಇತ್ತು. ಅದು ತಾನಾಗಿಯೇ ಒತ್ತಿಬಿಡುತ್ತದೋ ಎಂದು ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಕಂಕುಳಲ್ಲಿ ಸಿಕ್ಕಿಸಿಕೊಂಡೆ. ಐವತ್ತು ವರ್ಷದ ಹೆಂಗಸು, ಸ್ವಂತ ಕೈಗೆ ಹೆದರಿ.

ಈಗ ಗೊತ್ತಿಲ್ಲ ಎಂಬುದು ಇದೆ. ಒತ್ತಿದ ಮೇಲೆ ಅದೂ ಇರುವುದಿಲ್ಲ.

ಬಾಗಿಲಲ್ಲಿ ಜರಡಿ ತಲೆ ಹಾಕಿದ. "ದೇವ್ರೇ, ಯಾಕೆ ಮುಖ ಇಳಿದಿದೆ? ಪ್ರಳಯ ಗಿಳಯ ಮಾಡೋ ಯೋಚನೆನಾ?"

ಸಾಲನ್ನು ಅಳಿಸಿದೆ. ಡಿಸ್ಕ್ ಒಳಗಿಟ್ಟು ಬೀಗ ಹಾಕಿದೆ.

ಮಾರ್ಚ್ 20, ಗುರುವಾರ

ಇವತ್ತು ತೆಗೆದೆವು. ನಡೆದ ಹಾಗೆಯೇ ಬರೆಯುತ್ತೇನೆ.

ನಾಳೆ ಡಿಸ್ಕ್ ಅಳಿಸುತ್ತಾರೆ. ಒಬ್ಬಳೇ ತೆಗೆದರೆ, ಕಂಡದ್ದನ್ನು ಕಂಡಿಲ್ಲವೆಂದು ನನಗೆ ನಾನೇ ಹೇಳಿಕೊಂಡೇನು ಎಂಬ ಭಯವಿತ್ತು. ಹನ್ನೆರಡು ಗಂಟೆಗೆ ಜರಡಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಬಾಗಿಲು ಹಾಕಿದೆ.

"ಮೂವತ್ತೇಳನ್ನ ನಾನು ಕೊನೇ ಗಳಿಗೆಲಿ ತೆಗೆದುಹಾಕಿದೆ ಅಂತ ನನ್ನ ನೆನಪು. ನನ್ನ ನೆನಪು ತಪ್ಪಿರಬಹುದು. ನಿನ್ನ ಪ್ರೋಗ್ರಾಂ ತಪ್ಪಿರಬಹುದು. ನೀನು ನೋಡ್ತಾ ಇರು, ನಾನು ಒತ್ತುತೀನಿ."

ಅವನ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ಉಳಿದು, ಆಮೇಲೆ ಕೆಳಗಿನಿಂದ ಮಾಯವಾಗತೊಡಗಿತು. "ಹದಿನೇಳು ದಿನ ಆಯ್ತು ಮೇಡಂ" ಎಂದ. ಅಷ್ಟೇ ಅಂದದ್ದು.

ಒತ್ತಿದೆ. ಕೋಟ್ಯಂತರ ಸಾಲುಗಳನ್ನು ಎಣಿಸಲು ಕಂಪ್ಯೂಟರಿಗೆ ಒಂದೂವರೆ ನಿಮಿಷ ಬೇಕು. ನಾನು ಕಣ್ಣು ಮುಚ್ಚಿದ್ದೆ.

"ಸೊನ್ನೆ" ಎಂದ ಅವನು.

ನಾನು ನಕ್ಕುಬಿಟ್ಟೆ. ತಡೆಯಲಾಗಲಿಲ್ಲ, ಹೊಟ್ಟೆಯಿಂದ ಬಂತು. ಅವನು ನನ್ನತ್ತ ತಿರುಗಿ ನೋಡಿದ. ಆ ನೋಟವನ್ನು ಬರೆಯಲು ನನಗೆ ಬರುವುದಿಲ್ಲ.

ಎದ್ದು ತನ್ನ ಕೋಣೆಗೆ ಹೋದವನು ಅರ್ಧ ಗಂಟೆಯಲ್ಲಿ ಬಂದ. ಮುಖ ಬಿಳಿಚಿತ್ತು. ಕಾರಣ ಸಿಕ್ಕಿತ್ತು. ಹೋದ ವರ್ಷ, ಪಟ್ಟಿ ಯಾವ ರೂಪದಲ್ಲಿರಬೇಕೆಂದು ತೋರಿಸಲು ನಾನು ತೊಂಬತ್ತು ಚುಕ್ಕಿಗಳ ಒಂದು ಮಾದರಿ ಪಟ್ಟಿಯನ್ನು ಎಲ್ಲರಿಗೂ ಕೊಟ್ಟಿದ್ದೆ. ಅವನು ಅಭ್ಯಾಸಕ್ಕೆಂದು ಅದನ್ನು ಪ್ರೋಗ್ರಾಂ ಒಳಗೇ ಹಾಕಿಕೊಂಡಿದ್ದ.

"ತೆಗೆಯೋದು ಮರೆತೇಹೋಗಿದೆ. ಅಲ್ಲೇ ಕೂತಿದೆ. ಎಲ್ಲಿ ಹುಡುಕಬೇಕು ಅಂತ ಅದಕ್ಕೆ ಮೊದಲೇ ಗೊತ್ತು, ಬೇರೆ ಕಡೆ ನೋಡೋದೇ ಇಲ್ಲ. ಚುಕ್ಕಿ ಇಲ್ಲದಿದ್ರೆ ಆಕಾಶಗಂಗೆಯ ಮಂಕು ಬೆಳಕಿನಿಂದ ಒಂದಿಷ್ಟು ಕಿತ್ತು, ಇಗೋ ಚುಕ್ಕಿ ಅಂತ ಕೊಟ್ಟುಬಿಡ್ತಿದೆ." ತಲೆ ಹಿಡಿದುಕೊಂಡ. "ಆದ್ರೆ ನೀವು ಗುಟ್ಟಿನ ಪಟ್ಟಿನ ಹೊಸದಾಗಿ ಮಾಡಿರ್ತೀರಿ ಅಂದ್ಕೊಂಡಿದ್ದೆ."

ಮಾಡಿರಲಿಲ್ಲ. ತೊಂಬತ್ತು ಚುಕ್ಕಿಗಳನ್ನು ನಂಬುವ ಹಾಗೆ ಹೊಸದಾಗಿ ಹುಟ್ಟಿಸಲು ಎರಡು ತಿಂಗಳು ಬೇಕು. ಮಾದರಿ ಪಟ್ಟಿಯನ್ನೇ ತೆಗೆದುಕೊಂಡು ಹೊಳಪನ್ನಷ್ಟೇ ಬದಲಿಸಿದ್ದೆ. ಪ್ರಶ್ನೆಪತ್ರಿಕೆ ನಾನೇ ಹಂಚಿದ್ದೆ, ಅವನು ಉತ್ತರವನ್ನು ಜೇಬಿನಲ್ಲಿಟ್ಟುಕೊಂಡು ಮರೆತಿದ್ದ. ಅವನ ವಯಸ್ಸಿನಲ್ಲಿ ಅದಕ್ಕೆ ಕಣ್ತಪ್ಪು ಎನ್ನುತ್ತಾರೆ.

ಅವನೇ ಮುಂದೆ ಕೂತು ಎಲ್ಲ ಸಂಖ್ಯೆಗಳ ಮಕ್ಕಳನ್ನೂ ಎಣಿಸಿದ. ಒಂದರಿಂದ ತೊಂಬತ್ತು, ಮೂವತ್ತೇಳು ಮಾತ್ರ ಸೊನ್ನೆ. ಪಟ್ಟಿ ಅಲ್ಲಿಗೆ ಮುಗಿಯಬೇಕಿತ್ತು. ಕೆಳಗೆ ಇನ್ನೊಂದು ಸಾಲಿತ್ತು.

ತೊಂಬತ್ತೊಂದು: ನಾಲ್ಕು ಸಾವಿರದ ಇನ್ನೂರ ಹನ್ನೆರಡು.

"ಇದೇನಿದು?" ಎಂದ. ಆಮೇಲೆ ಅವನ ಕಣ್ಣು ಅರಳಿತು. "ಅಯ್ಯೋ, ಕಿಲಾಡಿ! ಒಂದು ತೆಗೆದು, ಪಟ್ಟಿಲಿ ಇಲ್ಲದ್ದು ಒಂದು ಇಟ್ಟಿದೀರಾ! ಎರಡೂ ಕಡೆಯಿಂದ ಬಲೆ! ಇಷ್ಟು ಪ್ರಕಾಶಮಾನವಾದದ್ದು, ನನ್ನ ಪ್ರೋಗ್ರಾಂ ಮೂಸಿಯೂ ನೋಡಿಲ್ಲ."

"ಹೂಂ" ಎಂದೆ.

ಕಡತದ ಮೇಲೆ ನವೆಂಬರ್ 21, ಸಂಜೆ ಐದು ನಲವತ್ತು ಎಂದಿದೆ. ನನ್ನ ಗುರುತು, ನನ್ನ ಗುಪ್ತಪದ. ತೊಂಬತ್ತೊಂದನೆಯ ಚುಕ್ಕಿಯನ್ನು ನಾನು ಇವತ್ತಿನವರೆಗೆ ಕಂಡೇ ಇಲ್ಲ.

ಮಾರ್ಚ್ 21, ಶುಕ್ರವಾರ

ಮುಖ್ಯಸ್ಥೆಯ ಕೋಣೆ. ಡಿಸ್ಕ್ ಅಳಿಸುವುದನ್ನು ನಿಲ್ಲಿಸಿದ್ದಾರೆ. ಜರಡಿ ಎಲ್ಲವನ್ನೂ ತಾನೇ ಹೇಳಿದ, ತನ್ನ ತಪ್ಪನ್ನು ಮೊದಲು ಹೇಳಿದ. ಉಡಾವಣೆಯ ದಿನ ಬದಲಾಗುವುದಿಲ್ಲ. ನಾಲ್ಕು ವಾರದಲ್ಲಿ ಪ್ರೋಗ್ರಾಂ ಪಟ್ಟಿಯಿಲ್ಲದೆ ಹುಡುಕಲು ಕಲಿಯಬೇಕು, ಹೊಸ ಸುಳ್ಳು ಆಕಾಶದ ಮೇಲೆ ತೇರ್ಗಡೆಯಾಗಬೇಕು. ಈ ಸಲ ಎಲ್ಲ ಹೊಸದಾಗಿ, ಎರಡು ತಿಂಗಳ ಕೆಲಸ ಎರಡು ವಾರದಲ್ಲಿ.

"ತಪ್ಪು ಸಾವಿರ ಜ್ಯೋತಿರ್ವರ್ಷ ದೂರದ್ದಾಗಿದ್ರೂ ಕ್ಷಮಿಸಬಹುದಿತ್ತು, ಇದು ನಮ್ಮ ಜೇಬಲ್ಲೇ ಇತ್ತು" ಎಂದು ಮುಖ್ಯಸ್ಥೆ ಅವನನ್ನು ಬೈದರು. ನನ್ನತ್ತ ತಿರುಗಿ, "ಮಾದರಿ ಪಟ್ಟಿ ಬಳಸಿದ್ದಕ್ಕೆ ನಿಮಗೂ ಬೈಬೇಕು. ಆದ್ರೆ ಆ ತೊಂಬತ್ತೊಂದು! ಅದಕ್ಕೆ ಎಲ್ಲ ಮಾಫಿ. ನಿಮ್ಮ ಇಪ್ಪತ್ತು ವರ್ಷದ ಕೆಲಸದಲ್ಲಿ ಇಷ್ಟು ಚೆಂದದ್ದು ಇನ್ನೊಂದಿಲ್ಲ" ಎಂದರು. ಪೆನ್ನು ತೆಗೆದರು. "ಯಾವಾಗ ಸೇರಿಸಿದ್ರಿ, ಯಾಕೆ ಅಲ್ಲೇ ಇಟ್ಟಿರಿ? ವರದಿಗೆ ಬೇಕು."

"ಅದೇ ಸಂಜೆ" ಎಂದೆ. "ಯಾವುದರ ಹತ್ತಿರವೂ ಇಲ್ಲದ ಜಾಗ ನೋಡಿ ಇಟ್ಟೆ."

ಅವರು ಬರೆದುಕೊಂಡರು.

ಮಾರ್ಚ್ 22, ಶನಿವಾರ

ಎಲ್ಲ ಕಾಗದ ತೆಗೆದು ನೋಡಿದೆ. ಕಚೇರಿಯ ಚೀಲ, ಹಳೆಯ ಕ್ಯಾಲೆಂಡರ್, ಚಪ್ಪಲಿ ರಿಪೇರಿಯ ಚೀಟಿ. ಎಲ್ಲಿಯೂ ತೊಂಬತ್ತೊಂದು ಇಲ್ಲ. ಅಷ್ಟು ಜಾಣತನದ ಯೋಚನೆ ಬಂದು, ಅದನ್ನು ಮಾಡಿ ಮುಗಿಸಿ, ಆ ಹೆಂಗಸು ಎಲ್ಲಿಗೆ ಹೋದಳು? ಅವಳು ನನಗಿಂತ ಚುರುಕು. ಅವಳ ಕೆಲಸಕ್ಕೆ ನನಗೆ ಹೊಗಳಿಕೆ ಬಂದಿದೆ.

ಬರವಣಿಗೆಯ ನಡುವೆ ಹಳೆಯ ಪುಟಗಳನ್ನು ತಿರುವಿದೆ. ಕೊಡೆಯ ವಿಷಯ ಎರಡು ಕಡೆ ಇದೆ. ಎರಡೂ ನನ್ನ ಅಕ್ಷರ.

ಇವರು ಬಾಗಿಲಲ್ಲಿ ನಿಂತಿದ್ದರು. ನೆಲದ ತುಂಬ ಕಾಗದ. ನಾನು ತಲೆ ಎತ್ತಲಿಲ್ಲ.

"ನನಗೆ ಏನೋ ಆಗಿದೆ ರೀ."

"ಗೊತ್ತು" ಎಂದರು. ಬಂದು ಕಾಗದಗಳ ಮಧ್ಯೆ, ಲಿಫ್ಟಿನ ಕೆಳಗಿನ ಹಳ್ಳದಲ್ಲಿ ಕೂರುವ ಹಾಗೆ, ಮೊಣಕಾಲು ಮಡಚಿ ಕೂತರು.

"ಯಾವಾಗಿಂದ ಗೊತ್ತು?"

"ಚಳಿಗಾಲದಿಂದ. ನೀನೇ ಹೇಳ್ತೀಯ ಅಂತ ಸುಮ್ಮನಿದ್ದೆ. ಹೇಳದೇ ಇರಲಿ ಅಂತಾನೂ ಸುಮ್ಮನಿದ್ದೆ." ಒಂದು ಕಾಗದ ಎತ್ತಿ ಮಡಚಿದರು. "ನನಗೆ ಭಯ ಕಣೇ."

ಇವರು ಆ ಮಾತನ್ನು ಹೇಳಿದ್ದನ್ನು ಇಪ್ಪತ್ತಾರು ವರ್ಷದಲ್ಲಿ ನಾನು ಕೇಳಿಲ್ಲ. ಹಾಗೆಂದು ನನ್ನ ನೆನಪು.

ಮಾರ್ಚ್ 24, ಸೋಮವಾರ

ಪುಸ್ತಕ ಓದಿಕೊಂಡು ಮುಖ್ಯಸ್ಥೆಯ ಕೋಣೆಗೆ ಹೋದೆ.

"ವರದಿಯಲ್ಲಿ ಒಂದು ತಿದ್ದುಪಡಿ ಇದೆ ಮೇಡಂ. ತೊಂಬತ್ತೊಂದನ್ನ ಯಾವಾಗ, ಯಾಕೆ ಇಟ್ಟೆ ಅಂತ ನನಗೆ ನೆನಪಿಲ್ಲ. ಶುಕ್ರವಾರ ನಿಮಗೆ ಹೇಳಿದ್ದು ಸುಳ್ಳು. ಇಟ್ಟಿದ್ದೇ ನೆನಪಿಲ್ಲ."

ಅವರು ಮೊದಲು ನಕ್ಕರು. "ನನಗೆ ನಿನ್ನೆ ಊಟ ಮಾಡಿದ್ದೇ ನೆನಪಿರಲ್ಲ ಬಿಡಿ."

"ನಮ್ಮಮ್ಮನಿಗೂ ಇತ್ತು" ಎಂದೆ.

ಅವರು ಪೆನ್ನಿಗೆ ಮುಚ್ಚಳ ಸಿಕ್ಕಿಸಿ ಕೆಳಗಿಟ್ಟರು. ಕಿಟಕಿಯಾಚೆ ಲಾರಿಯೊಂದು ಹಿಂದಕ್ಕೆ ಬರುತ್ತ ಕೂಗುತ್ತಿತ್ತು. ಅವರು ಕಿಟಕಿ ಮುಚ್ಚಿದರು.

"ಹೊಸ ಆಕಾಶ ಯಾರು ಮಾಡ್ತಾರೆ ಹಾಗಾದ್ರೆ?"

"ನಾನೇ ಮಾಡ್ತೀನಿ. ನನಗೆ ಇನ್ನೂ ಬರುತ್ತೆ. ಆದ್ರೆ ಒಬ್ಬಳೇ ಅಲ್ಲ. ನಾನು ಒಂದೊಂದು ಚುಕ್ಕಿ ಇಟ್ಟಾಗಲೂ ಒಬ್ಬರು ಪಕ್ಕದಲ್ಲಿ ಕೂತು ನೋಡಬೇಕು, ಇಬ್ಬರೂ ಸಹಿ ಹಾಕಬೇಕು. ಸಹಿ ಇಲ್ಲದ ಚುಕ್ಕಿ ಆಕಾಶದಲ್ಲಿ ಇರಕೂಡದು." ಸ್ವಲ್ಪ ತಡೆದು ಹೇಳಿದೆ: "ನನ್ನ ಕೈಲಿ ಆಗಲ್ಲ ಅಂತ ಆ ನೋಡೋರು ಹೇಳಿದ ದಿನ ನಿಲ್ಲಿಸಿಬಿಡ್ತೀನಿ. ನನ್ನನ್ನ ಕೇಳಬೇಡಿ. ನಾನು ಆಗುತ್ತೆ ಅಂತಲೇ ಹೇಳ್ತೀನಿ."

"ಡಾಕ್ಟರ ಹತ್ತಿರ ಹೋದ್ರಾ?"

"ಶುಕ್ರವಾರ ಹೋಗ್ತೀನಿ."

ಅವರು ಎದ್ದು ಬಂದು ನನ್ನ ಭುಜದ ಮೇಲೆ ಕೈ ಇಟ್ಟರು.

ಜರಡಿಗೆ ಕಾರಿಡಾರಿನಲ್ಲಿಯೇ ಹೇಳಿದೆ. ಅವನು ಬಹಳ ಹೊತ್ತು ಗೋಡೆಯ ಮೇಲಿನ ಬೆಂಕಿ ಆರಿಸುವ ಕೆಂಪು ಡಬ್ಬಿಯನ್ನು ನೋಡಿದ. ಕೊನೆಗೆ, "ಆ ದಿನ ನೀವು ನಕ್ಕಿದ್ದಕ್ಕೆ ನನಗೆ ತುಂಬ ಕೋಪ ಬಂದಿತ್ತು" ಎಂದ. "ಈಗ ಅರ್ಥ ಆಯ್ತು. ಆದ್ರೂ ಇನ್ನೂ ಸ್ವಲ್ಪ ಇದೆ."

"ಇರಲಿ" ಎಂದೆ.

ಮಾರ್ಚ್ 26, ಬುಧವಾರ

ಒಂಬತ್ತು ಚುಕ್ಕಿ. ಎರಡೆರಡು ಸಹಿ.

ಮಾರ್ಚ್ 27, ಗುರುವಾರ

ಸಂಜೆ ಅಕ್ಕ ಫೋನ್ ಮಾಡಿದಳು. ನಾಳೆಯ ವಿಷಯ ಇವರು ಅವಳಿಗೆ ತಿಳಿಸಿದ್ದಾರೆ. ಅಳುತ್ತಾಳೆಂದುಕೊಂಡಿದ್ದೆ, ಬೈದಳು. ಮೊದಲೇ ಹೇಳಲಿಲ್ಲವೆಂದು, ಕೂದಲಿಗೆ ಎಣ್ಣೆ ಹಾಕುವುದಿಲ್ಲವೆಂದು, ಮಧ್ಯಾಹ್ನ ಊಟ ಬಿಡುತ್ತೇನೆಂದು. ಆಮೇಲೆ ದನಿ ತಗ್ಗಿಸಿದಳು, ಪಕ್ಕದಲ್ಲಿ ಯಾರೋ ಇರುವ ಹಾಗೆ.

"ನೋಡು, ಸರಿಯಾಗಿ ಕೇಳು. ಅಮ್ಮನಿಗೆ ಮಾಡಿದ ಪರೀಕ್ಷೆನೇ ನಿನಗೂ ಮಾಡ್ತಾರೆ. ಐದು ಪದ ಹೇಳ್ತಾರೆ, ಬೇರೆ ಏನೇನೋ ಮಾತಾಡಿಸ್ತಾರೆ, ಆಮೇಲೆ ಆ ಐದೂ ಹೇಳು ಅಂತಾರೆ. ಎಲ್ಲ ಕಡೆ ಅದೇ ಐದು ಪದ ಕಣೇ, ನಮ್ಮ ವಾರ್ಡಲ್ಲೂ ಅದೇ. ನನಗೆ ಬಾಯಿಪಾಠ. ಪೆನ್ನು ತಗೋ."

"ಬೇಡ ಅಕ್ಕ."

"ಏನು ಬೇಡ? ಕೆಲಸ ಹೋದ್ರೆ ಏನು ಮಾಡ್ತೀಯ? ಇವತ್ತು ಬಾಯಿಪಾಠ ಮಾಡಿಕೊಂಡ್ರೆ ನಾಳೆ ಐದಕ್ಕೆ ಐದು ಹೇಳಿ ಎದ್ದು ಬರಬಹುದು. ಯಾರಿಗೆ ಗೊತ್ತಾಗುತ್ತೆ? ಅಮ್ಮನಿಗೆ ಹೇಳಿಕೊಡೋಕೆ ಆಗ ನನಗೆ ಹೊಳೀಲಿಲ್ಲ, ಇವತ್ತಿಗೂ ಹೊಟ್ಟೆ ಉರಿಯುತ್ತೆ. ಬರ್ಕೋ. ಮೊದಲನೇದು..."

ಹೇಳಿಯೇಬಿಟ್ಟಳು. ಎರಡನೆಯದು ಬರುವ ಮೊದಲು ಫೋನ್ ಇಟ್ಟೆ. ಮತ್ತೆ ಹೊಡೆದುಕೊಂಡಿತು, ಇವರು ಎತ್ತಿಕೊಂಡು ಹೊರಗಿನ ವರಾಂಡಕ್ಕೆ ಹೋದರು. ಇವರು ಅವಳನ್ನು ಸಮಾಧಾನ ಮಾಡುವುದು ಇಲ್ಲಿಗೆ ಕೇಳಿಸುತ್ತಿದೆ.

ಆ ಪದ ಹೋಗುತ್ತಿಲ್ಲ. ಯಾವುದೂ ನಿಲ್ಲದ ಈ ತಲೆಯಲ್ಲಿ ಅದೊಂದು ಗಟ್ಟಿಯಾಗಿ ಕೂತಿದೆ.

ನಾಳೆ ಹತ್ತು ಗಂಟೆಗೆ, ಪರೀಕ್ಷೆ ಶುರುವಾಗುವ ಮೊದಲೇ ಡಾಕ್ಟರಿಗೆ ಹೇಳಬೇಕು: ನಿಮ್ಮ ಐದು ಪದಗಳಲ್ಲಿ ಮೊದಲನೆಯದು ನನಗೆ ಗೊತ್ತು, ಅದನ್ನು ಬದಲಾಯಿಸಿ. ನಾನು ಹೇಳಲು ಮರೆತರೆ ಇವರು ಹೇಳುತ್ತಾರೆ. ಒಳಗೆ ಬಂದ ಕೂಡಲೇ ಇವರಿಗೂ ಹೇಳಿಡುತ್ತೇನೆ.

ಪದವನ್ನು ಇಲ್ಲಿ ಬರೆಯುವುದಿಲ್ಲ.